ಹನ್ನೆರಡು–ಎಂಟರ ಲೆಕ್ಕ

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯ ಚೆಸ್ ಪುಟದಲ್ಲಿ ‘ಲೋಕದ ಬಲಶಾಲಿಗಳು’ ಅಂತ ಒಂದು ಚೌಕಟ್ಟು ಹಾಕಿದ್ದೀರಿ. ಮೇಲೆ ಮೂರು ಕಂಪ್ಯೂಟರ್ ಎಂಜಿನ್‌ಗಳು (ಚೆಸ್ ಆಡುವ ತಂತ್ರಾಂಶಗಳು), ರೇಟಿಂಗ್ 3600ರ ಆಸುಪಾಸು. ಕೆಳಗೆ ಮ್ಯಾಗ್ನಸ್ ಕಾರ್ಲ್‌ಸನ್, 2882. ನಾನೂ ಮೊಮ್ಮಗನೂ ಸೇರಿ ನಿಮ್ಮ ಪಟ್ಟಿಯ ಮೊದಲನೇ ಎಂಜಿನ್ನನ್ನೂ ಮೂರನೆಯದನ್ನೂ ಮನೆಯ ಲ್ಯಾಪ್‌ಟಾಪಿನಲ್ಲಿ 20 ಆಟ ಆಡಿಸಿದೆವು. ಎರಡಕ್ಕೂ ಡೆಪ್ತ್ (ಎಷ್ಟು ನಡೆ ಮುಂದಕ್ಕೆ ನೋಡಬೇಕು ಎಂಬ ಮಿತಿ) 12 ಅಂತ ಸಮನಾಗಿ ಕೊಟ್ಟಿದ್ದೆವು. ಮೂರನೆಯದು 7 ಗೆದ್ದು, 3 ಸೋತು, 10 ಡ್ರಾ ಮಾಡಿಕೊಂಡು, ಗೆಲುವಿಗೆ ಒಂದು, ಡ್ರಾಗೆ ಅರ್ಧ ಅಂಕದ ಲೆಕ್ಕದಲ್ಲಿ 12–8ರಿಂದ ಗೆದ್ದಿತು. ಹಾಗಾದರೆ ನಿಮ್ಮ ಪಟ್ಟಿ ಯಾವ ಆಧಾರದ ಮೇಲೆ? ಇಷ್ಟೆಲ್ಲ ರಗಳೆ ಯಾಕೆ, ಎಸ್ಸೆಸ್ಸೆಲ್ಸಿ ಥರ ಎರಡಕ್ಕೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಅಂಕ ಹಾಕಿದರೆ ಆಗದೇ? ಆಟಗಳೆಲ್ಲ ಜೊತೆಗಿರುವ ಪೆನ್‌ಡ್ರೈವ್‌ನಲ್ಲಿವೆ.
— ನಿವೃತ್ತ ಗಣಿತ ಶಿಕ್ಷಕ, ಮಂಡ್ಯ

ಸಂಪಾದಕರ ಉತ್ತರ:

ಮೇಷ್ಟ್ರೇ, ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ಆ ಚೌಕಟ್ಟು ಹಾಕಿದ್ದು ನಾನೇ. ಪುಟದ ಮೂಲೆಯಲ್ಲಿ ನಾಲ್ಕು ಸಾಲು ಜಾಗ ಉಳಿದಿತ್ತು, ತುಂಬಿಸಿದೆ. ಕಾರ್ಲ್‌ಸನ್‌ರ 2882 ಎಂಬುದು 2014ರ ಮೇ ತಿಂಗಳ ಫಿಡೆ (ವಿಶ್ವ ಚೆಸ್ ಒಕ್ಕೂಟ) ಪಟ್ಟಿಯದು, ಮನುಷ್ಯರು ಮನುಷ್ಯರ ಜೊತೆ ಆಡಿ ಬಂದ ಅಂಕಿ. 3600 ಎಂಬುದು ಎಂಜಿನ್‌ಗಳು ಎಂಜಿನ್‌ಗಳ ಜೊತೆಯಲ್ಲೇ ಆಡಿ ಬಂದದ್ದು. ಎರಡನ್ನೂ ಒಂದೇ ಕಾಲಂನಲ್ಲಿ ಇಳಿಸಿದ್ದು ನನ್ನ ತಪ್ಪು. ತಮಾಷೆ ಏನೆಂದರೆ, ನೀವು ಹಿಡಿದಿರುವುದು ಆ ತಪ್ಪನ್ನಲ್ಲ. ಎಂಜಿನ್‌ಗಳ ಕ್ರಮ ತಪ್ಪಿದೆ ಅಂತ ನೀವು ಬರೆದಿದ್ದೀರಿ, ಅದನ್ನು ಮಾತ್ರ ನಾನು ಒಪ್ಪಲಾರೆ.

ಪೆನ್‌ಡ್ರೈವ್ ಹಾಕಿ ಇಪ್ಪತ್ತೂ ಆಟ ನೋಡಿದೆ. ನಾಲ್ಕನೇ ಆಟ ಚೆನ್ನಾಗಿತ್ತು: 41ನೇ ನಡೆಯಲ್ಲಿ ಬಿಳಿಯ ಆನೆ ಎಂಟನೇ ಸಾಲಿಗೆ ನುಗ್ಗಿ ಮೇಟ್. ಹತ್ತನೇ ಆಟ ತೆಗೆದಾಗ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಅದೇ ಆನೆ, ಅದೇ ಸಾಲು, ಅದೇ 41ನೇ ನಡೆ. ಹದಿನಾರನೆಯದೂ ಅದೇ. ಮೊದಲ ನಡೆಯಿಂದ ಕೊನೆಯ ನಡೆಯವರೆಗೆ ಕೂದಲೆಳೆ ವ್ಯತ್ಯಾಸವಿಲ್ಲದ ಒಂದೇ ಆಟ ಮೂರು ಸಲ! ಒಬ್ಬನೇ ಹುಡುಗನ ಉತ್ತರಪತ್ರಿಕೆಯನ್ನು ಮೂರು ಸಲ ತಿದ್ದಿ, ಮೂವರು ಪಾಸ್ ಅಂತ ರಿಜಿಸ್ಟರಿನಲ್ಲಿ ಬರೆದ ಹಾಗಾಯಿತು. ಎರಡು ನಕಲು ತೆಗೆದುಹಾಕಿದರೆ ಉಳಿಯುವುದು 18 ಆಟ, ಫಲಿತಾಂಶ 10–8.

ಹೀಗೇಕಾಯಿತು ಅಂದರೆ, ನೀವು ಡೆಪ್ತ್ ಕಟ್ಟಿಹಾಕಿದ್ದರಿಂದ. ಗಡಿಯಾರದ ಗೊಡವೆ ಇಲ್ಲದೆ ‘ಹನ್ನೆರಡು ನಡೆ ಆಳಕ್ಕೆ ನೋಡು’ ಅಂದರೆ, ಎಂಜಿನ್ ಒಂದೇ ಸ್ಥಿತಿಯಲ್ಲಿ ಪ್ರತಿಸಲವೂ ಸಾಮಾನ್ಯವಾಗಿ ಅದೇ ಉತ್ತರ ಕೊಡುತ್ತದೆ. ನಿಮ್ಮ ಮೊಮ್ಮಗ ಬಳಸಿದ ಓಪನಿಂಗ್ ಪುಸ್ತಕ, ಅಂದರೆ ಆರಂಭದ ನಡೆಗಳ ಪಟ್ಟಿ, ಪುಟ್ಟದು; ಆರಂಭದ ಅದೇ ಸಾಲು ಮತ್ತೆ ಬಿದ್ದಾಗೆಲ್ಲ ಅದೇ ಆಟ ಮರುಕಳಿಸಿದೆ.

ಇನ್ನು ‘ಸಮನಾಗಿ ಕೊಟ್ಟಿದ್ದೆವು’ ಅಂದಿರಲ್ಲ, ಅದೂ ಸಮವಲ್ಲ. ಡೆಪ್ತ್ ಎಂಬುದು ಹಳೇ ಕಾಲದ ಸೇರಿನ ಹಾಗೆ, ಊರಿಗೊಂದು ಅಳತೆ. ಒಂದು ಎಂಜಿನ್ ಕೆಲಸಕ್ಕೆ ಬಾರದ ನಡೆಗಳ ಕೊಂಬೆಗಳನ್ನೆಲ್ಲ ಕಚಕಚನೆ ಕತ್ತರಿಸಿಕೊಂಡು ಹನ್ನೆರಡಕ್ಕೆ ಕ್ಷಣದಲ್ಲಿ ಇಳಿಯುತ್ತದೆ, ಅದೇ ಸಮಯದಲ್ಲಿ ಇನ್ನೂ ಆಳಕ್ಕೆ ಹೋಗಬಲ್ಲದು. ಇನ್ನೊಂದು ಅಷ್ಟು ಕತ್ತರಿಸದೆ ನಿಧಾನವಾಗಿ ಹನ್ನೆರಡಕ್ಕೆ ಬರುತ್ತದೆ, ಹೊತ್ತು ಹೆಚ್ಚು ತಿನ್ನುತ್ತದೆ. ಮೊದಲನೆಯದರ ಶಕ್ತಿಯೇ ಆ ವೇಗ. ಅದನ್ನು ಕಸಿದುಕೊಂಡು ಪಂದ್ಯಕ್ಕೆ ಇಳಿಸಿದ್ದೀರಿ. ಎಂಜಿನ್‌ಗಳಿಗೆ ಸಮನಾಗಿ ಹಂಚಬೇಕಾದದ್ದು ಸಮಯ, ಮೆಮೊರಿ, ಪ್ರೊಸೆಸರಿನ ಕೋರ್‌ಗಳು. ಆಳವನ್ನು ಅವುಗಳ ಪಾಡಿಗೆ ಬಿಡಬೇಕು.

ಇಷ್ಟಾದರೂ ‘ಗೆದ್ದದ್ದು ಗೆದ್ದದ್ದೇ ಅಲ್ಲವೇ’ ಅಂತ ನೀವು ಕೇಳಬಹುದು. ಅದಕ್ಕೆ ಅಂಕಿಯ ಮೂಲಕ್ಕೇ ಹೋಗಬೇಕು. ಈ ರೇಟಿಂಗ್ ಪದ್ಧತಿ ರೂಪಿಸಿದ ಅರ್ಪಾದ್ ಎಲೋ ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದವರು, ನಿಮ್ಮ ಹಾಗೇ ಮೇಷ್ಟ್ರು. ಅವರ ಪದ್ಧತಿಯನ್ನು ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲಿ, ಫಿಡೆ 1970ರಲ್ಲಿ ತೆಗೆದುಕೊಂಡವು. ಅದರ ತಿರುಳು ಇಷ್ಟೇ: ರೇಟಿಂಗ್‌ಗೆ ಸ್ವಂತ ಅರ್ಥವಿಲ್ಲ, ಇಬ್ಬರ ನಡುವಿನ ಅಂತರಕ್ಕೆ ಮಾತ್ರ ಅರ್ಥ. ಸಮಬಲರಾದರೆ 50–50. 100 ಪಾಯಿಂಟ್ ಅಂತರವಿದ್ದರೆ ಮೇಲಿನವನು ನೂರಕ್ಕೆ 64 ಅಂಕ ಗಳಿಸಬೇಕು, 200 ಇದ್ದರೆ 76, 400 ಇದ್ದರೆ 91. ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೊಂದು ಸಾವಿರ ಸೇರಿಸಿಬಿಟ್ಟರೂ ಏನೂ ಬದಲಾಗದು. ಅಳೆಯುವ ಕಷ್ಟ ಎಲೋ ಅವರಿಗೇ ಚೆನ್ನಾಗಿ ಗೊತ್ತಿತ್ತು: ನೀರಿನಲ್ಲಿ ಏಳುತ್ತ ಮುಳುಗುತ್ತ ಇರುವ ಬೆಂಡನ್ನು, ಗಾಳಿಗೆ ತೂಗಾಡುವ ಹಗ್ಗಕ್ಕೆ ಕಟ್ಟಿದ ಗಜಕಡ್ಡಿಯಿಂದ ಅಳೆದ ಹಾಗೆ ಅಂದಿದ್ದರು.

ದಸರಾ ಕುಸ್ತಿಗೆ ಮುಂಚೆ ಮೈಸೂರಿನಲ್ಲಿ ಜೋಡಿ ಕಟ್ಟುವುದನ್ನು ನೀವು ನೋಡಿರುತ್ತೀರಿ. ಇಲ್ಲಿನ ಗರಡಿಯವರು ತಮ್ಮತಮ್ಮಲ್ಲೇ, ಬೆಳಗಾವಿ ಕಡೆಯವರು ತಮ್ಮತಮ್ಮಲ್ಲೇ ಹಿಡಿಯುತ್ತ ಹೋದರು, ಒಂದು ಸಲವೂ ಒಂದೇ ಅಖಾಡಕ್ಕೆ ಇಳಿಯಲಿಲ್ಲ ಅಂತಿಟ್ಟುಕೊಳ್ಳಿ. ಎರಡೂ ಕಡೆ ಮೊದಲನೆಯವನು ಯಾರು ಅಂತ ಹೇಳಬಹುದು. ಆ ಇಬ್ಬರಲ್ಲಿ ಯಾರು ಮೇಲು? ಹೇಳಲಾಗದು. ಎಂಜಿನ್ನಿನ 3600, ಕಾರ್ಲ್‌ಸನ್‌ರ 2882 ನಿಂತಿರುವುದು ಹೀಗೆ, ಬೇರೆಬೇರೆ ಗರಡಿಯಲ್ಲಿ. ಹಿಂದೆ ಸೇತುವೆ ಇತ್ತು. ಸ್ವೀಡನ್ನಿನ ಕಂಪ್ಯೂಟರ್ ಚೆಸ್ ಸಂಘ 1984ರಿಂದ ಪಟ್ಟಿ ಮಾಡುತ್ತಾ ಬಂದಿದೆ. ತನ್ನ ಯಂತ್ರಗಳನ್ನು ಆ ದೇಶದ ರೇಟಿಂಗ್ ಇರುವ ಆಟಗಾರರ ಎದುರು ಕೂರಿಸಿ ಅಂಕಿಯನ್ನು ನೆಲಕ್ಕೆ ಮುಟ್ಟಿಸಿತ್ತು. ಆದರೂ ಏರುಪೇರಾಗಿ 2000ದಲ್ಲಿ ಇಡೀ ಪಟ್ಟಿಯನ್ನೇ 100 ಪಾಯಿಂಟ್ ಕೆಳಗಿಳಿಸಬೇಕಾಯಿತು. ಈಗ ಎಂಜಿನ್ ಎದುರು ಕೂತು ಸೋಲಲು ಯಾವ ಗ್ರ್ಯಾಂಡ್‌ಮಾಸ್ಟರಿಗೂ ಪುರುಸೊತ್ತಿಲ್ಲ, ಸೇತುವೆ ಪಾಳು ಬಿದ್ದಿದೆ. ಎಂಜಿನ್ ಕಾರ್ಲ್‌ಸನ್‌ರನ್ನು ಸೋಲಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ‘718 ಪಾಯಿಂಟ್ ಮೇಲು’ ಅನ್ನುವುದು ಮಾತ್ರ ಅರ್ಥವಿಲ್ಲದ ಮಾತು.

ಈಗ ನಿಮ್ಮ 12–8ಕ್ಕೆ ಬರೋಣ. ಪಟ್ಟಿಯಲ್ಲಿ ಆ ಎರಡು ಎಂಜಿನ್‌ಗಳ ನಡುವೆ ಇದ್ದದ್ದು 30 ಪಾಯಿಂಟ್. ಅಂದರೆ 20 ಆಟದಲ್ಲಿ ಮೊದಲನೆಯದು ಗಳಿಸಬೇಕಾದದ್ದು ಸುಮಾರು 11–9, ಅಷ್ಟೇ. ಅರ್ಧ ಆಟ ಡ್ರಾ ಆಗುವ ಪಂದ್ಯದಲ್ಲಿ 20 ಆಟದ ಫಲಿತಾಂಶಕ್ಕೆ ಇರುವ ಅನಿಶ್ಚಿತತೆ ಆ ಕಡೆ ಈ ಕಡೆ ನೂರು ಪಾಯಿಂಟಿಗೂ ಹೆಚ್ಚು. ಸ್ಟ್ಯಾಂಡರ್ಡ್ ಡಿವಿಯೇಷನ್ ತೆಗೆಯುವುದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕರಾರುವಾಕ್ಕಾಗಿ ಸಮಬಲದ ಎರಡು ಎಂಜಿನ್ ಆಡಿದರೂ ಒಂದಲ್ಲ ಒಂದು ಕಡೆಗೆ 12–8 ಅಥವಾ ಅದಕ್ಕಿಂತ ದೊಡ್ಡ ಅಂತರ ನಾಲ್ಕು ಪಂದ್ಯಕ್ಕೆ ಒಂದರಂತೆ ಬರುತ್ತಲೇ ಇರುತ್ತದೆ. 1000 ಆಟ ಆಡಿಸಿದರೆ ಅನಿಶ್ಚಿತತೆ 15 ಪಾಯಿಂಟಿಗೆ ಇಳಿಯುತ್ತದೆ, 10,000 ಆಡಿಸಿದರೆ 5ಕ್ಕೆ. ವರ್ಗಮೂಲದ ಕಾಟ ನೋಡಿ, ತಪ್ಪನ್ನು ಅರ್ಧ ಮಾಡಬೇಕಾದರೆ ಆಟ ನಾಲ್ಕು ಪಟ್ಟಾಗಬೇಕು. ಗಾಡಿಯಿಂದ ಒಂದು ಜಲ್ಲೆ ಹಿರಿದು ಕಡಿದು ಇಡೀ ಗಾಡಿ ಕಬ್ಬಿನ ಸಿಹಿ ಹೇಳುವವರನ್ನು ನಿಮ್ಮ ಊರಿನ ರೈತರು ಏನಂತಾರೆ, ನಿಮಗೇ ಗೊತ್ತು.

ಬರೀ ಬಾಯಿಮಾತು ಬೇಡ ಅಂತ ನಾನೂ ಒಂದು ಪರೀಕ್ಷೆ ಮಾಡಿದೆ. ಕಚೇರಿಯ ಕಂಪ್ಯೂಟರಿನಲ್ಲಿ ಒಂದೇ ಹಳೆಯ ಎಂಜಿನ್ನಿನ ಎರಡು ಪ್ರತಿ ಹಾಕಿ, ಒಂದಕ್ಕೆ ಕರಿಯ, ಇನ್ನೊಂದಕ್ಕೆ ಕೆಂಚ ಅಂತ ಹೆಸರಿಟ್ಟೆ. ಆಟಕ್ಕೆ ಹತ್ತು ಸೆಕೆಂಡು. ಮೊದಲ 20 ಆಟ ಮುಗಿದಾಗ ಕರಿಯ 11½, ಕೆಂಚ 8½. ಪುಟ ಕಟ್ಟುವ ಹುಡುಗ ಹಿಂದೆ ನಿಂತು ನೋಡುತ್ತಿದ್ದವನು, ‘ಸಾರ್, ಕರಿಯನೇ ಜೋರು, ಕೆಂಚ ಬರೀ ಕಾಲಾಳು ತಳ್ತಾನೆ’ ಅಂತ ತೀರ್ಪು ಕೊಟ್ಟುಬಿಟ್ಟ. ಇಬ್ಬರೂ ಒಂದೇ ಫೈಲು! ಅಷ್ಟರಲ್ಲಿ ಅವನೇ ಅದೇ ಯಂತ್ರದಲ್ಲಿ ಮುಖಪುಟದ ದೊಡ್ಡ ಫೋಟೊ ತೆರೆದ. ಪ್ರೊಸೆಸರ್ ಏದುಸಿರು ಬಿಟ್ಟಿತು, ಕೆಂಚ ಎರಡು ಆಟವನ್ನು ಗಡಿಯಾರದಲ್ಲೇ ಸೋತ. ಅವನ್ನು ತೆಗೆದುಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಬಂದು ನೋಡಿದರೆ 600 ಆಟ, 302–298. ಕರಿಯನ ಜೋರೆಲ್ಲ ಎಲ್ಲಿ ಹೋಯಿತೋ.

ಎಂಜಿನ್ ಬರೆಯುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯಷ್ಟೇ ಗಂಭೀರ. ಸ್ಟಾಕ್‌ಫಿಶ್ ಎಂಬ ಎಂಜಿನ್ನಿನ ತಂಡ 2013ರಿಂದ ಫಿಶ್‌ಟೆಸ್ಟ್ ಎಂಬ ವ್ಯವಸ್ಥೆ ನಡೆಸುತ್ತಿದೆ. ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ತಮ್ಮ ಕಂಪ್ಯೂಟರಿನ ಬಿಡುವಿನ ಹೊತ್ತನ್ನು ಅದಕ್ಕೆ ಕೊಡುತ್ತಾರೆ. ಯಾರಾದರೂ ಎರಡು ಸಾಲು ಕೋಡ್ ಬದಲಿಸಿದರೆ, ಹೊಸದು ಹಳೆಯದರ ಜೊತೆ ಸಾವಿರಾರು, ಕೆಲವೊಮ್ಮೆ ಲಕ್ಷ ದಾಟುವಷ್ಟು ಆಟ ಆಡಬೇಕು. ಹುಡುಕುತ್ತಿರುವುದು ಒಂದೆರಡು ಪಾಯಿಂಟಿನ ಸುಧಾರಣೆ. ಹೆಚ್ಚಿನವು ಫೇಲ್. ಎಷ್ಟು ಆಟಕ್ಕೆ ನಿಲ್ಲಿಸಬೇಕು ಎಂಬುದಕ್ಕೆ ಅವರು ಹಿಡಿದಿರುವುದು ಎರಡನೇ ಮಹಾಯುದ್ಧದ ಕಾಲದಲ್ಲಿ ಅಬ್ರಹಾಂ ವಾಲ್ಡ್ ಯುದ್ಧಸಾಮಗ್ರಿಯ ತಪಾಸಣೆಗೆಂದು ರೂಪಿಸಿದ ದಾರಿ. ಮಂಡ್ಯದ ಬೆಲ್ಲದ ಮಂಡಿಯಲ್ಲಿ ಪಳಗಿದ ವ್ಯಾಪಾರಿ ಇಷ್ಟೇ ಅಚ್ಚು ನೋಡುತ್ತೇನೆ ಅಂತ ಮೊದಲೇ ಲೆಕ್ಕ ಹಾಕಿಕೊಂಡು ಬರುವುದಿಲ್ಲ. ನಾಲ್ಕು ಅಚ್ಚು ಮುರಿದಾಗಲೇ ಲಾಟು ಕೆಟ್ಟದ್ದು ಅಂತ ಖಾತ್ರಿಯಾದರೆ ಅಲ್ಲಿಗೇ ಎದ್ದ. ಅನುಮಾನ ಉಳಿದರೆ ಇನ್ನೊಂದು, ಮತ್ತೊಂದು. ಪ್ರತಿ ಆಟದ ನಂತರವೂ ‘ಒಪ್ಪು, ತಳ್ಳು, ಮುಂದುವರಿಸು’ ಮೂರರಲ್ಲಿ ಒಂದು. ಆದರೆ ಗೆಲುವಿನ ಗೆರೆ, ಸೋಲಿನ ಗೆರೆ ಎರಡನ್ನೂ ಶುರುವಿಗೆ ಮುಂಚೆಯೇ ಎಳೆದಿರಬೇಕು. ನಮಗೆ ಬೇಕಾದವನು ಮುಂದಿದ್ದಾಗ ಪಂದ್ಯ ನಿಲ್ಲಿಸುವುದು ಅದರಲ್ಲಿ ನಡೆಯದು.

ಆಟ ಸಾಕಷ್ಟಿದ್ದರೂ ಷರತ್ತಿನ ಜಗಳ ಬಿಡದು. 2017ರ ಡಿಸೆಂಬರಿನಲ್ಲಿ ಗೂಗಲ್‌ನ ಡೀಪ್‌ಮೈಂಡ್ ಕಂಪನಿಯ ಎಂಜಿನ್ ಆಲ್ಫಾಝೀರೊ 100 ಆಟದಲ್ಲಿ ಸ್ಟಾಕ್‌ಫಿಶ್ 8ರ ಎದುರು 28 ಗೆದ್ದು, 72 ಡ್ರಾ ಮಾಡಿ, ಒಂದೂ ಸೋಲಲಿಲ್ಲ ಅಂತ ಸುದ್ದಿ ಬಂತು. ಲೋಕವೆಲ್ಲ ಬೆರಗಾಯಿತು, ನಾನೂ ಆದೆ. ಆದರೆ ಸ್ಟಾಕ್‌ಫಿಶ್‌ಗೆ ಕೊಟ್ಟದ್ದು ನಡೆಗೆ ಒಂದು ನಿಮಿಷ ಅಂತ ಕಟ್ಟುನಿಟ್ಟು, 1 ಜಿಬಿ ಮೆಮೊರಿ. ಕಷ್ಟದ ನಡೆಗೆ ಹೆಚ್ಚು ಹೊತ್ತು, ಸುಲಭದ್ದಕ್ಕೆ ಕಡಿಮೆ ಅಂತ ಹಂಚಿಕೊಳ್ಳುವ ಅದರ ಜಾಣತನಕ್ಕೆ ಜಾಗವೇ ಇರಲಿಲ್ಲ ಅಂತ ತಿಳಿದವರು ತಕರಾರು ತೆಗೆದರು. ಮುಂದಿನ ವರ್ಷ ಷರತ್ತು ಸಡಿಲಿಸಿ 1000 ಆಟದ ಲೆಕ್ಕ ಪ್ರಕಟಿಸಿದರು: 155 ಗೆಲುವು, 6 ಸೋಲು, ಉಳಿದದ್ದೆಲ್ಲ ಡ್ರಾ. ಮೊದಲಿನದನ್ನು ಎಲೋಗೆ ಇಳಿಸಿದರೆ 100 ಪಾಯಿಂಟ್, ಎರಡನೆಯದು 50ರ ಸುಮಾರು. ಗೆದ್ದವನು ಅವನೇ, ಅಂತರ ಮಾತ್ರ ಅರ್ಧ. ಇನ್ನು 1997ರಲ್ಲಿ ಐಬಿಎಂ ಕಂಪ್ಯೂಟರ್ ಡೀಪ್ ಬ್ಲೂ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು 3½–2½ರಿಂದ ಸೋಲಿಸಿತಲ್ಲ, ಅದು ಆರೇ ಆಟ. ಇತಿಹಾಸಕ್ಕೆ ಸಾಕು, ಬಲದ ಅಳತೆಗೆ ಏನೇನೂ ಸಾಲದು.

ಪ್ರಶ್ನೆಪತ್ರಿಕೆಯ ಸಲಹೆ ಓದಿ ನಕ್ಕೆ, ಮೇಷ್ಟ್ರ ಕೈ ಸುಮ್ಮನಿರದು ಅಂತ. ಅದನ್ನೂ ಮಾಡಿ ನೋಡಿದ್ದಾರೆ. 1982ರಲ್ಲಿ ಬ್ರಾಟ್ಕೊ ಮತ್ತು ಕೋಪೆಕ್ 24 ಸ್ಥಿತಿಗಳ ಒಂದು ಪರೀಕ್ಷೆ ಹೊರತಂದರು. ಅರ್ಧ ತಂತ್ರದ್ದು, ಅರ್ಧ ಕಾಲಾಳುಗಳನ್ನು ಮುನ್ನುಗ್ಗಿಸುವ ಸೂಕ್ಷ್ಮದ್ದು, ಒಂದೊಂದಕ್ಕೆ ಎರಡು ನಿಮಿಷ. ಆ ಕಾಲಕ್ಕೆ ಉಪಯೋಗವಾಯಿತು. ಆಮೇಲೆ ಪ್ರಶ್ನೆಗಳು ಎಲ್ಲರಿಗೂ ಬಾಯಿಪಾಠವಾದವು, ಎಂಜಿನ್ ತಿದ್ದುವವರು ಅವನ್ನೇ ಎದುರಿಗಿಟ್ಟುಕೊಂಡು ತಿದ್ದಿದರು. ಗೈಡ್ ಓದಿ ಪಾಸಾಗುವುದು ನಿಮಗೆ ಹೊಸದಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ‘ಇಲ್ಲೊಂದು ಚಮತ್ಕಾರದ ನಡೆ ಇದೆ, ಹುಡುಕು’ ಅನ್ನುವುದೇ ಅರ್ಧ ಉತ್ತರ. ಪಂದ್ಯದಲ್ಲಿ ಹಾಗೆ ಯಾರೂ ಪಿಸುಗುಟ್ಟುವುದಿಲ್ಲ. ಅಲ್ಲಿ 59 ನಡೆ ಸರಿಯಾಗಿ ಆಡಿ 60ನೆಯದರಲ್ಲಿ ಎಡವಿದರೆ ನೂರಕ್ಕೆ 98 ಅಲ್ಲ, ಸೊನ್ನೆ.

ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯಲ್ಲಿ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟುವ ಬಂಧಗಳನ್ನು ರಚಿಸಿದ್ದರಲ್ಲ, ಅವು ಸರಿಯೋ ಅಂತ ಯಾರು ಬೇಕಾದರೂ ಬೆರಳಿಟ್ಟು ಎಣಿಸಬಹುದು. ಆಟದ ಬಲಕ್ಕೆ ಆ ಸೌಲಭ್ಯವಿಲ್ಲ, ಆಡಿಸಿಯೇ ನೋಡಬೇಕು.

ಹಾಗಾಗಿ ಇನ್ನೊಮ್ಮೆ ಆಡಿಸಿ. ಡೆಪ್ತ್ ತೆಗೆದು, ಆಟಕ್ಕೆ ಒಂದು ನಿಮಿಷ, ನಡೆಗೆ ಒಂದು ಸೆಕೆಂಡು ಸೇರಿಸಿ ಕೊಡಿ. ಇಬ್ಬರಿಗೂ ಒಂದೊಂದೇ ಕೋರ್, ಎದುರಾಳಿಯ ಹೊತ್ತಿನಲ್ಲಿ ಯೋಚಿಸುವ ಆಯ್ಕೆ ಬಂದ್. ಬೇರೆಬೇರೆ ಆರಂಭಗಳನ್ನು ಆರಿಸಿ, ಒಂದೊಂದನ್ನೂ ಬಣ್ಣ ಬದಲಿಸಿ ಎರಡು ಸಲ ಆಡಿಸಿ. ಆಗ ಆರಂಭವೇ ಒಂದು ಕಡೆಗೆ ವಾಲಿದ್ದರೂ ಇಬ್ಬರಿಗೂ ಸಮ. ಕರೆಂಟ್ ಹೋದಾಗ ನಿಲ್ಲಿಸಿಬಿಡಿ, ಬ್ಯಾಟರಿಯಲ್ಲಿ ಲ್ಯಾಪ್‌ಟಾಪ್ ವೇಗ ತಗ್ಗಿಸಿಕೊಳ್ಳುತ್ತದೆ. ಬೇಸಿಗೆ ಮಧ್ಯಾಹ್ನವೂ ಬೇಡ. 500 ಆಟವಾದ ಮೇಲೂ ಮೂರನೆಯದೇ 12–8ರ ಲೆಕ್ಕದಲ್ಲಿ, ಅಂದರೆ 300–200ರ ಹತ್ತಿರ ಮುಂದಿದ್ದರೆ ಪಟ್ಟಿ ತಪ್ಪು ಅಂತ ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ. ಮುಂದಿನ ಸಂಚಿಕೆಯಲ್ಲಿ ಎಂಜಿನ್ನಿಗೊಂದು, ಮನುಷ್ಯರಿಗೊಂದು ಚೌಕಟ್ಟು ಬೇರೆಬೇರೆ ಬರುತ್ತದೆ. ಎಂಜಿನ್ ಪಟ್ಟಿಯಲ್ಲಿ ಪ್ರತಿ ಅಂಕಿಯ ಪಕ್ಕ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬ ಕಾಲಂ ಇರುತ್ತದೆ.

ಪೆನ್‌ಡ್ರೈವ್ ವಾಪಸ್ ಅಂಚೆಗೆ ಹಾಕಿದ್ದೇನೆ. ಅದರಲ್ಲಿ ಮೊಮ್ಮಗನ ಪಿಯುಸಿ ಫಿಸಿಕ್ಸ್ ನೋಟ್ಸೂ ಇತ್ತು. ಹುಡುಕುತ್ತಿದ್ದರೆ ಹೇಳಿ, ಭದ್ರವಾಗಿದೆ.