ಕಡಲ ಕಡೆಯ ಬಾಲ್ಕನಿಯೋ, ತೊಟ್ಟಿಯ ಬಾಲ್ಕನಿಯೋ?

ಪ್ರಶ್ನೆ: ನಾವು ಟೆಕ್ಸಾಸ್‌ನ ಹ್ಯೂಸ್ಟನ್ ಬಳಿ ನೆಲೆಸಿದ್ದೇವೆ. ಶಿವಮೊಗ್ಗದಿಂದ ನಮ್ಮ ಅತ್ತೆ-ಮಾವ ಬಂದಿದ್ದಾರೆ. ಅವರು ಊರಿಗೆ ಮರಳುವ ಮುನ್ನ ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಡುವ ಏಳು ರಾತ್ರಿಗಳ ಕೆರಿಬಿಯನ್ ಯಾನಕ್ಕೆ ಎಲ್ಲರೂ ಹೋಗಬೇಕೆಂದಿದ್ದೇವೆ. ರಾಯಲ್ ಕೆರಿಬಿಯನ್ ಕಂಪನಿಯ ಹಾರ್ಮನಿ ಆಫ್ ದಿ ಸೀಸ್ ಹಡಗನ್ನು ಆರಿಸಿದ್ದೇವೆ. ಅದರಲ್ಲಿ ಬಾಲ್ಕನಿ ಕೋಣೆಗಳೇ ಮೂರು ಬಗೆ: ಸಮುದ್ರದ ಕಡೆಯವು, ಸೆಂಟ್ರಲ್ ಪಾರ್ಕ್ ಕಡೆಯವು, ಬೋರ್ಡ್‌ವಾಕ್ ಕಡೆಯವು. ಒಳಮುಖದ ಎರಡಕ್ಕೂ ದರ ಕಡಿಮೆ ತೋರಿಸುತ್ತಿದೆ. ನಾವು ಆರು ಮಂದಿ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ನಾಲ್ಕು. ಮಾವನವರಿಗೆ ಮಂಡಿನೋವಿದೆ. ಎರಡು ಕೋಣೆಗಳಿಗಷ್ಟೇ ಹಣ ಹೊಂದುತ್ತದೆ. ಯಾವುದನ್ನು ತೆಗೆದುಕೊಳ್ಳುವುದು ಲೇಸು?
— ಓದುಗರೊಬ್ಬರು, ಟೆಕ್ಸಾಸ್

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬಗೆಯ ದರಗಳ ಲೆಕ್ಕವಿದೆ, ಆ ಬಾಲ್ಕನಿಯಲ್ಲಿ ಯಾರು, ಯಾವ ಹೊತ್ತಿನಲ್ಲಿ, ಎಷ್ಟು ಸಮಯ ಕೂರುತ್ತಾರೆ ಎಂಬ ಲೆಕ್ಕವಿಲ್ಲ. ಅದನ್ನು ಮೊದಲು ಹಾಕಿದರೆ ಉಳಿದದ್ದು ತಾನಾಗಿಯೇ ತೀರ್ಮಾನವಾಗುತ್ತದೆ.

ಹಡಗಿನ ರಚನೆಯನ್ನು ಮೊದಲು ತಿಳಿದುಕೊಳ್ಳಿ. 2016ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿ ಮುಗಿಸಿದ ಹಾರ್ಮನಿ ಸುಮಾರು 362 ಮೀಟರ್ ಉದ್ದವಿದ್ದು, ಕೋಣೆಗೆ ಇಬ್ಬರಂತೆ ಲೆಕ್ಕ ಹಿಡಿದರೂ 5,479 ಪ್ರಯಾಣಿಕರನ್ನು ಹೊರುತ್ತದೆ. ಓಯಸಿಸ್ ವರ್ಗಕ್ಕೆ ಸೇರಿದ ಇಂಥ ಹಡಗುಗಳ ಮೇಲ್ಭಾಗವು ಒಂದೇ ಗಟ್ಟಿ ಕಟ್ಟಡವಲ್ಲ. ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ಸಾಲು ನಿಂತು, ನಡುವೆ ಆಕಾಶಕ್ಕೆ ತೆರೆದ ಜಾಗ ಉಳಿದಿದೆ. ನಮ್ಮ ತೊಟ್ಟಿಮನೆಗಳನ್ನು ಕಂಡವರಿಗೆ ಇದು ಹೊಸದಲ್ಲ. ಎಂಟನೆಯ ಡೆಕ್ಕಿನಲ್ಲಿರುವ ತೊಟ್ಟಿಗೆ ಸೆಂಟ್ರಲ್ ಪಾರ್ಕ್ ಎಂದು ಹೆಸರು. ಅಲ್ಲಿರುವ 10,000ಕ್ಕೂ ಹೆಚ್ಚು ಗಿಡಗಳು ಪ್ಲಾಸ್ಟಿಕ್ಕಿನವಲ್ಲ, ನಿಜವಾದವು. ಹಡಗಿನ ಹಿಂಭಾಗಕ್ಕೆ, ಆರನೆಯ ಡೆಕ್ಕಿನಲ್ಲಿ ಬೋರ್ಡ್‌ವಾಕ್ ಇದೆ: ಮಕ್ಕಳು ಕೂತು ಸುತ್ತುವ ಮರದ ಕುದುರೆಗಳು, ತಿಂಡಿ ಅಂಗಡಿಗಳು, ಹತ್ತುವ ಗೋಡೆಗಳು, ತುದಿಯಲ್ಲಿ ನೀರಿನ ರಂಗಮಂದಿರ. ಮೊದಲನೆಯದು ಮನೆಯ ಒಳಾಂಗಣವಾದರೆ ಎರಡನೆಯದು ಜಾತ್ರೆಯ ದಿನದ ರಥಬೀದಿ.

ಅಳತೆಯಲ್ಲಿ ಮೂರು ಬಗೆಯ ಕೋಣೆಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕೋಣೆ ಸುಮಾರು 180 ಚದರ ಅಡಿ, ಬಾಲ್ಕನಿ ಸುಮಾರು 50 ಚದರ ಅಡಿ; ಎರಡು ಕುರ್ಚಿ, ಒಂದು ಪುಟ್ಟ ಮೇಜು. ಆದ್ದರಿಂದ ಹೆಚ್ಚಿನ ಹಣ ಹೋಗುವುದು ಜಾಗಕ್ಕಲ್ಲ, ಎದುರಿಗೆ ಕಾಣುವುದಕ್ಕೆ.

ಸೆಂಟ್ರಲ್ ಪಾರ್ಕ್ ಬಾಲ್ಕನಿಯಲ್ಲಿ ಗಾಳಿಯ ರಭಸ ಕಡಿಮೆ, ಗದ್ದಲವೂ ಕಡಿಮೆ. ಸಂಜೆ ದೀಪ ಹತ್ತಿದ ಮೇಲೆ ಕೆಳಗೆ ಗಿಡಗಳ ನಡುವೆ ಓಡಾಡುವವರನ್ನು ನೋಡುತ್ತಾ ಕೂರುವುದು ಹಿತವಾಗಿಯೇ ಇರುತ್ತದೆ. ಆದರೆ ಎದುರು ಸಾಲಿನ ಬಾಲ್ಕನಿಯವರು ನಿಮ್ಮನ್ನು ನೋಡುತ್ತಿರುತ್ತಾರೆ, ನೀವು ಅವರನ್ನು. ಕೋಣೆಯೊಳಗೆ ದೀಪವಿದ್ದಾಗ ಪರದೆ ಎಳೆಯದಿದ್ದರೆ ಸೀರೆ ಉಡುವುದಕ್ಕೂ ಸಂಕೋಚ. ಎಷ್ಟು ಇಣುಕಿದರೂ ಸಮುದ್ರ ಕಾಣದು. ಬೋರ್ಡ್‌ವಾಕ್ ಬಾಲ್ಕನಿಯಲ್ಲಾದರೋ, ಹಿಂತುದಿಗೆ ಹತ್ತಿರವಾದಷ್ಟೂ ಓರೆಯಾಗಿ ಒಂದು ತುಂಡು ಕಡಲು ಕಾಣುತ್ತದೆ, ನೀರಿನ ಆಟಗಳ ಪ್ರದರ್ಶನವನ್ನೂ ಅಲ್ಲಿಂದಲೇ ನೋಡಬಹುದು. ಒಂಬತ್ತರ ಮಗಳಿಗೆ ಇದು ಹಬ್ಬ. ಆದರೆ ಪ್ರದರ್ಶನದ ಸಂಗೀತ, ತಾಲೀಮಿನ ಸದ್ದು, ತಂತಿಯ ಮೇಲೆ ಜಾರುವವರ ಕೂಗು, ಇವೆಲ್ಲ ನೀವು ಮಲಗಬೇಕೆಂದಿರುವ ಹೊತ್ತಿಗೂ ಬರುತ್ತವೆ, ನಾಲ್ಕರ ಮಗುವಿಗೆ ಮಧ್ಯಾಹ್ನದ ನಿದ್ದೆ ಹತ್ತುವ ಹೊತ್ತಿಗೂ ಬರುತ್ತವೆ. ಚಿಕ್ಕ ಮಗುವಿರುವ ಮನೆಯವರಿಗೆ ನಾನು ಇದನ್ನು ಹೇಳುವುದಿಲ್ಲ.

ಸಮುದ್ರದ ಕಡೆಯ ಬಾಲ್ಕನಿಯ ಬೆಲೆ ಏನೆಂಬುದು ನನಗೆ ತಿಳಿದದ್ದು ನಮ್ಮ ತಂದೆಯವರಿಂದ. ಕೆಲವು ವರ್ಷಗಳ ಹಿಂದೆ, ಬೇರೊಂದು ಹಡಗಿನಲ್ಲಿ, ಅವರು ಬೆಳಗಿನ ಐದೂವರೆಗೆ ಪಂಚಪಾತ್ರೆ ಹಿಡಿದು ಬಾಲ್ಕನಿಗೆ ಬಂದರು. ಉಪ್ಪುಗಾಳಿಗೆ ಕುರ್ಚಿ ಅಂಟಂಟಾಗಿತ್ತು. ಟವೆಲಿನಿಂದ ಒರೆಸಿ ಕುಳಿತರು. ಅರ್ಘ್ಯದ ನೀರು ಕೆಳಗಿನ ಬಾಲ್ಕನಿಯವರ ತಲೆಯ ಮೇಲೆ ಬಿದ್ದೀತೆಂದು ತಟ್ಟೆಯೊಂದನ್ನು ಮುಂದಿಟ್ಟುಕೊಂಡರು. ಹೋಗುವಾಗ ಎದುರಿಗೇ ಹುಟ್ಟುತ್ತಿದ್ದ ಸೂರ್ಯ ಮರಳುವ ದಿನ ಕಾಣಲೇ ಇಲ್ಲ. ಹಡಗು ತಿರುಗಿದೆ ಎಂದು ಅವರಿಗೆ ವಿವರಿಸಿ ಹೇಳಬೇಕಾಯಿತು. ನಿಮ್ಮ ಯಾನದಲ್ಲೂ ಹೀಗೆಯೇ ಆಗುತ್ತದೆ: ಗ್ಯಾಲ್ವೆಸ್ಟನ್‌ನಿಂದ ಕೊಜುಮೆಲ್ ಕಡೆಗೆ ಆಗ್ನೇಯಕ್ಕೆ ಸಾಗುವಾಗ ಬೆಳಗಿನ ಬಿಸಿಲು ಹಡಗಿನ ಎಡಮಗ್ಗುಲಿಗೆ, ಬರುವಾಗ ಬಲಮಗ್ಗುಲಿಗೆ. ಎಡವೋ ಬಲವೋ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಹಿರಿಯರು ಹಡಗಿನಲ್ಲಿ ದಿನಕ್ಕೆ ನಾಲ್ಕಾರು ಗಂಟೆ ಬಾಲ್ಕನಿಯಲ್ಲಿ ಕಳೆಯುತ್ತಾರೆ. ಮಕ್ಕಳು ಹತ್ತು ನಿಮಿಷ ನಿಂತು ಈಜುಕೊಳಕ್ಕೆ ಓಡುತ್ತಾರೆ. ಮಂಡಿನೋವಿನ ಮಾವನವರು 362 ಮೀಟರ್ ಉದ್ದದ ಹಡಗಿನಲ್ಲಿ ಜನಜಂಗುಳಿಯ ಮೇಲ್ಡೆಕ್ಕಿಗೆ ಹೋಗಿ ಕುರ್ಚಿ ಹುಡುಕುವುದಕ್ಕಿಂತ ತಮ್ಮದೇ ಜಗಲಿಯಲ್ಲಿ ಕೂರುವುದನ್ನು ಇಷ್ಟಪಟ್ಟಾರು. ಆದ್ದರಿಂದ ನನ್ನ ಸಲಹೆ ಹೀಗಿದೆ: ಸಮುದ್ರದ ಕಡೆಯ ಬಾಲ್ಕನಿ ಕೋಣೆ ಒಂದನ್ನೇ ತೆಗೆದುಕೊಂಡು ಅದನ್ನು ಅತ್ತೆ-ಮಾವನವರಿಗೆ ಕೊಡಿ, ಮೊಮ್ಮಗಳು ಅವರ ಜೊತೆ ಸೋಫಾ ಹಾಸಿಗೆಯಲ್ಲಿ ಮಲಗಲಿ. ನೀವಿಬ್ಬರೂ ಮಗನೊಂದಿಗೆ ಅದೇ ಓಣಿಯಲ್ಲಿ ಎದುರಿಗಿರುವ, ಕಿಟಕಿಯಿಲ್ಲದ ಒಳಕೋಣೆಯನ್ನು ಹಿಡಿಯಿರಿ. ಮೂವರಿಗೆ ಆಗುವ ಒಳಕೋಣೆಯೇ ಎಂಬುದನ್ನು ಮಾತ್ರ ಮೊದಲು ವಿಚಾರಿಸಿ, ಎಲ್ಲವೂ ಆಗುವುದಿಲ್ಲ. ಹಾರ್ಮನಿಯ ಕೆಲವು ಒಳಕೋಣೆಗಳಲ್ಲಿ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹೊರಗಿನ ಸಮುದ್ರದ ನೇರ ಚಿತ್ರ ಮೂಡುತ್ತದೆ, ಬೇಡವೆನಿಸಿದಾಗ ಆರಿಸಿಬಿಡಬಹುದು. ಆರಿಸಿದ ಮೇಲೆ ಆ ಕೋಣೆಯ ಕತ್ತಲೆಯಲ್ಲಿ ಮಗು ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡೀತು. ಅಷ್ಟು ಹೊತ್ತು ನೀವು ಸರದಿಯ ಮೇಲೆ ಎದುರು ಕೋಣೆಯ ಬಾಲ್ಕನಿಯಲ್ಲಿ ಕಾಲು ಚಾಚಿ ಕೂರಬಹುದು. ಎರಡು ಒಳಮುಖದ ಬಾಲ್ಕನಿಗಳಿಗೆ ಕೊಡುವ ಹಣವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇನ್ನೊಂದು ದಾರಿಯೂ ಇದೆ. ನಡುವೆ ಬಾಗಿಲಿರುವ ಎರಡು ಸಮುದ್ರದ ಕಡೆಯ ಕೋಣೆಗಳನ್ನು ಹಿಡಿದರೆ ಮನೆಯೇ ಆಗುತ್ತದೆ, ಸ್ನಾನದ ಮನೆಯೂ ಎರಡು. ಕೆಲವು ಜೋಡಿ ಬಾಲ್ಕನಿಗಳ ನಡುವಿನ ಅಡ್ಡಹಲಗೆಯನ್ನು ಕೋಣೆ ನೋಡಿಕೊಳ್ಳುವ ಸಿಬ್ಬಂದಿ ತೆರೆದೂ ಕೊಡುತ್ತಾರೆ. ಎಲ್ಲ ಜೋಡಿಗಳಿಗೂ ಇದು ಸಾಧ್ಯವಿಲ್ಲವಾದ್ದರಿಂದ ಕಾದಿರಿಸುವಾಗಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಹಣ ಒದಗಿದರೆ ಇದಕ್ಕಿಂತ ಉತ್ತಮವಾದದ್ದಿಲ್ಲ. ಆದರೆ ನಾಲ್ಕು ವರ್ಷದ ಹುಡುಗನೂ ಎರಡು ಬಾಲ್ಕನಿಗಳೂ ಒಟ್ಟಿಗಿದ್ದರೆ ಕಣ್ಣುಗಳೂ ಎರಡು ಜೋಡಿ ಬೇಕು. ಅಮೆರಿಕದ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ಬಾಲ್ಕನಿಯ ಕಂಬಿ ಕನಿಷ್ಠ 42 ಅಂಗುಲ ಎತ್ತರವಿರಬೇಕೆಂದು ಆ ದೇಶದ 2010ರ ಕಾಯಿದೆ ಹೇಳುತ್ತದೆ. ಕುರ್ಚಿಯನ್ನು ಕಂಬಿಯ ಪಕ್ಕಕ್ಕೆ ಎಳೆದು ಮಗು ಹತ್ತಿದರೆ ಆ 42 ಅಂಗುಲಕ್ಕೆ ಅರ್ಥವಿಲ್ಲ. ನಾವು ರಾತ್ರಿ ಮಲಗುವ ಮುನ್ನ ಕುರ್ಚಿ-ಮೇಜುಗಳನ್ನು ಗೋಡೆಗೆ ಒತ್ತಿ ಇಟ್ಟು, ಬಾಗಿಲಿನ ಚಿಲಕ ಹಾಕಿ, ಇನ್ನೊಮ್ಮೆ ಎಳೆದು ನೋಡಿ ಮಲಗುತ್ತಿದ್ದೆವು.

ಕೋಣೆಯ ಸಂಖ್ಯೆಯನ್ನು ಆರಿಸುವಾಗ ಡೆಕ್ಕಿನ ನಕ್ಷೆಯನ್ನು ತೆರೆದಿಟ್ಟುಕೊಳ್ಳಿ. ಆರನೆಯ ಡೆಕ್ಕಿನ ಕೋಣೆಗಳ ಕೆಳಗೆ ಲೈಫ್‌ಬೋಟುಗಳ ಸಾಲಿರುವುದರಿಂದ ಕೆಳಗೆ ಬಗ್ಗಿ ನೋಡಿದರೆ ನೀರಿಗಿಂತ ಮೊದಲು ಅವುಗಳ ಬೆನ್ನು ಕಾಣುತ್ತದೆ. ಹದಿನಾಲ್ಕನೆಯ ಡೆಕ್ಕಿನ ನೆತ್ತಿಯ ಮೇಲೆ ಈಜುಕೊಳದ ಡೆಕ್ ಇದೆ, ಮುಂಜಾನೆ ಕುರ್ಚಿ ಎಳೆದಾಡುವ ಸದ್ದು ಅಲ್ಲಿಗೆ ಇಳಿಯುತ್ತದೆ. (ಹದಿಮೂರನೆಯ ಡೆಕ್ ಈ ಹಡಗಿನಲ್ಲಿಲ್ಲ, ಹನ್ನೆರಡಾದ ಮೇಲೆ ಹದಿನಾಲ್ಕು, ರಾಹುಕಾಲ ನೋಡುವ ನಮ್ಮನ್ನು ನಗುವವರಿಗೆ ಇದನ್ನು ಹೇಳಬಹುದು.) ಎಂಟರಿಂದ ಹತ್ತರವರೆಗಿನ ಡೆಕ್ಕುಗಳಲ್ಲಿ, ಮೇಲೂ ಕೆಳಗೂ ಕೋಣೆಗಳೇ ಇರುವಂತೆ, ಲಿಫ್ಟಿಗೆ ಏಳೆಂಟು ಬಾಗಿಲುಗಳ ದೂರದಲ್ಲಿ ಆರಿಸಿದರೆ ಮಾವನವರಿಗೆ ನಡಿಗೆಯೂ ಉಳಿಯುತ್ತದೆ, ಲಿಫ್ಟಿನ ಗದ್ದಲವೂ ತಟ್ಟದು. ದರ ಕಡಿಮೆಯೆಂದು ಕೋಣೆಯ ಸಂಖ್ಯೆಯನ್ನು ಕಂಪನಿಯೇ ನಿರ್ಧರಿಸುವ ಗ್ಯಾರಂಟಿ ಬುಕಿಂಗ್‌ಗೆ ಹೋದರೆ ಈ ಆಯ್ಕೆ ಯಾವುದೂ ನಿಮ್ಮ ಕೈಯಲ್ಲಿರುವುದಿಲ್ಲ. ಆರು ಮಂದಿಯ ಸಂಸಾರ ಒಂದು ಕೋಣೆ ಆ ತುದಿ, ಇನ್ನೊಂದು ಈ ತುದಿ ಎಂದಾದೀತು.

ಇನ್ನೂ ಒಂದು ಸೂಕ್ಷ್ಮವಿದೆ. ಒಂದೇ ಬಗೆಯ ಕೋಣೆಗಳಲ್ಲೂ ಕೆಲವದರಲ್ಲಿ ಮಂಚ ಬಾಲ್ಕನಿಯ ಕಡೆಗಿದ್ದರೆ ಕೆಲವದರಲ್ಲಿ ಸ್ನಾನದ ಮನೆಯ ಕಡೆಗಿರುತ್ತದೆ, ಸೋಫಾ ಅದಕ್ಕೆ ತಕ್ಕಂತೆ ಉಳಿದ ಕಡೆ. ಮಗಳು ಸೋಫಾ ಬಿಡಿಸಿ ಮಲಗಿದ ಮೇಲೆ ಪಕ್ಕದಲ್ಲಿ ಉಳಿಯುವುದು ಒಬ್ಬರು ಅಡ್ಡಡ್ಡವಾಗಿ ನುಸುಳುವಷ್ಟು ಜಾಗ. ಬೆಳಗಿನ ಜಾವ ಎದ್ದು ಬಾಲ್ಕನಿಗೆ ಹೋಗುವವರು ಮಾವನವರಾದರೆ ಮಂಚ ಬಾಲ್ಕನಿಯ ಕಡೆಗಿರುವ ಕೋಣೆಯನ್ನೇ ಕೇಳಿ. ಬಾಲ್ಕನಿಯ ಹೊಸ್ತಿಲು ಎತ್ತರವಿರುತ್ತದೆ, ಕತ್ತಲೆಯಲ್ಲಿ ಎಡವದಂತೆ ಮೊದಲ ದಿನವೇ ತೋರಿಸಿಡಿ.

ಅತ್ತೆಯವರಿಗೂ ಎರಡು ಮಾತು ಮುಂಚೆಯೇ ತಿಳಿಸಿ. ಬೆಂಕಿಯ ಭಯದಿಂದಾಗಿ ದೀಪ, ಊದುಬತ್ತಿ, ಕಾಫಿ ಕಾಯಿಸುವ ಕೆಟಲ್, ಪುಟ್ಟ ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ ಯಾವುದಕ್ಕೂ ಹಡಗಿನಲ್ಲಿ ಅನುಮತಿಯಿಲ್ಲ. ಒದ್ದೆ ಸೀರೆಯನ್ನು ಬಾಲ್ಕನಿಯ ಕಂಬಿಗೆ ಹರವುವಂತೆಯೂ ಇಲ್ಲ. ಸ್ನಾನದ ಮನೆಯಲ್ಲಿ ಎಳೆದು ಕಟ್ಟುವ ದಾರವೊಂದಿರುತ್ತದೆ, ಅದರ ಮೇಲೆ ಒಣಗಿಸಬೇಕು.

ಪ್ರಶ್ನೆ: ಬೆಂಗಳೂರಿನಿಂದ ಸಿಂಗಪುರಕ್ಕೆ ಹೋಗಿ, ಅಲ್ಲಿಂದ ಡಿಸ್ನಿ ಅಡ್ವೆಂಚರ್ ಹಡಗಿನಲ್ಲಿ ಮೂರು ರಾತ್ರಿ ಕಳೆಯುವ ಆಲೋಚನೆಯಿದೆ. ನಾವಿಬ್ಬರು ಮತ್ತು ಐದು ವರ್ಷದ ಮಗಳು. ಬಾಲ್ಕನಿ ಬೇಕೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೂರು ರಾತ್ರಿಗೆ, ಐದರ ಮಗುವಿನೊಂದಿಗೆ, ಬೇಡವೆಂದೇ ನನ್ನ ಅಭಿಪ್ರಾಯ. ಈ ಹಡಗನ್ನು ಬೇರೊಂದು ಕಂಪನಿ ಜರ್ಮನಿಯ ವಿಸ್ಮಾರ್‌ನಲ್ಲಿ ಕಟ್ಟಿಸುತ್ತಿತ್ತು. ಅದು ಅರ್ಧಕ್ಕೆ ನಿಂತಾಗ 2022ರಲ್ಲಿ ಡಿಸ್ನಿ ಕೊಂಡುಕೊಂಡಿತು. ಇದರಲ್ಲೂ ತೆರೆದ ಒಳಾಂಗಣವಿದೆ, ಅದರತ್ತ ಮುಖಮಾಡಿದ ಬಾಲ್ಕನಿಗಳಿವೆ. ನಿಮ್ಮ ಮಗಳು ಎಚ್ಚರವಿರುವಷ್ಟು ಹೊತ್ತೂ ಮಿಕ್ಕಿ ಮೌಸ್‌ನ ಹಿಂದೆಯೇ ಇರುತ್ತಾಳೆ. ಹಡಗು ಸಿಂಗಪುರ ಬಿಡುವಾಗ, ಲಂಗರು ಹಾಕಿದ ನೂರಾರು ಸರಕು ಹಡಗುಗಳ ನಡುವೆ ಹಾದುಹೋಗುವ ದೃಶ್ಯವನ್ನು ಮೇಲಿನ ಡೆಕ್ಕಿನಿಂದಲೇ ನೋಡುವುದು ಚೆನ್ನ. ಕಿಟಕಿಯ ಕೋಣೆ ಸಾಕು. ಮಗು ಬೇಗ ಮಲಗಿ, ರಾತ್ರಿ ನೀವಿಬ್ಬರೂ ದೀಪ ಆರಿಸಿ ಕೋಣೆಯಲ್ಲೇ ಕೂರಬೇಕಾದವರಾದರೆ ಮಾತ್ರ ಬಾಲ್ಕನಿಗೆ ಹಣ ಕೊಡಿ. ಆಗ ಒಳಾಂಗಣದ ಕಡೆಯದು ಬೇಡ, ಸಮುದ್ರದ ಕಡೆಯದೇ ಇರಲಿ.

ಪ್ರಶ್ನೆ: ನನ್ನ ಪತ್ನಿಗೆ ಆಗುಂಬೆ ಘಾಟಿಯ ತಿರುವುಗಳಲ್ಲೇ ವಾಂತಿಯಾಗುತ್ತದೆ. ಫ್ಲೋರಿಡಾದಲ್ಲಿರುವ ಮಗ ಕಾರ್ನಿವಲ್ ಕಂಪನಿಯ ಹಡಗಿನಲ್ಲಿ ನೀರಿಗೆ ಹತ್ತಿರವಾದ ‘ಕೋವ್ ಬಾಲ್ಕನಿ’ ಕಾದಿರಿಸುತ್ತೇನೆ ಎನ್ನುತ್ತಾನೆ. ಒಪ್ಪಬಹುದೇ?
— ಓದುಗರೊಬ್ಬರು, ಉಡುಪಿ

ಉತ್ತರ: ಒಪ್ಪಬಹುದು. ಮಕ್ಕಳು ಆಡುವ ಏರಿಳಿಯುವ ಹಲಗೆಯನ್ನು ನೆನಪಿಸಿಕೊಳ್ಳಿ: ತುದಿಯಲ್ಲಿ ಕೂತವರು ಹಾರುತ್ತಾರೆ, ನಡುವೆ ಕೂತವರು ಅಲುಗುವುದಿಲ್ಲ. ಅಲೆಗಳ ಮೇಲೆ ಹಡಗಿನ ಮುಂತುದಿ, ಹಿಂತುದಿಗಳು ಏಳುತ್ತಾ ಬೀಳುತ್ತಾ ಇರುವಾಗ ನಡುಭಾಗದ ಕೋಣೆಗಳಲ್ಲಿ ಹೊಯ್ದಾಟ ಕಡಿಮೆ. ಅಕ್ಕಪಕ್ಕದ ಓಲಾಟ ಮೇಲಿನ ಡೆಕ್ಕುಗಳಲ್ಲಿ ಹೆಚ್ಚು, ಕೆಳಗೆ ಕಡಿಮೆ. ಅದನ್ನು ತಗ್ಗಿಸಲು ಹಡಗಿನ ಒಡಲಿನಿಂದ ಹೊರಚಾಚುವ ರೆಕ್ಕೆಗಳೂ ಇವೆ. ಕೋವ್ ಬಾಲ್ಕನಿಗಳು ಕೆಳಗಿನ ಡೆಕ್ಕಿನಲ್ಲಿವೆ. ನಡುಭಾಗಕ್ಕೆ ಹತ್ತಿರವಾದದ್ದನ್ನೇ ಆರಿಸಲು ಮಗನಿಗೆ ತಿಳಿಸಿ. ಅಲ್ಲಿ ಕಂಬಿಯ ಕೆಳಗೆ ಗಾಜಿನ ಬದಲು ಉಕ್ಕಿನ ಗೋಡೆ ಇರುವುದರಿಂದ ಕುಳಿತಾಗ ನೋಟ ಅಷ್ಟು ಬಿಡುಬೀಸಲ್ಲ, ಆಗಾಗ ತುಂತುರೂ ಹಾರುತ್ತದೆ. ಸಮುದ್ರ ಬಹಳ ಒರಟಾದರೆ ಸಿಬ್ಬಂದಿಯೇ ಬಂದು ಆ ಬಾಲ್ಕನಿಯನ್ನು ಮುಚ್ಚುತ್ತಾರೆ. ಹೊಟ್ಟೆ ತೊಳೆಸತೊಡಗಿದಾಗ ಕೋಣೆಯೊಳಗೆ ಮಲಗುವುದಕ್ಕಿಂತ ಹೊರಗೆ ನಿಂತು, ದೂರದ ಬಾನಂಚನ್ನು ದಿಟ್ಟಿಸುವುದು ಹಿತ. ಮಾತ್ರೆಯ ವಿಷಯವನ್ನು ಹೊರಡುವ ಮುನ್ನ ನಿಮ್ಮ ವೈದ್ಯರಲ್ಲಿ ಕೇಳಿಕೊಳ್ಳಿ. ಅಂಥ ಮಾತ್ರೆಗಳನ್ನು ಹೊಟ್ಟೆ ಕೆಟ್ಟ ಮೇಲೆ ನುಂಗಿದರೆ ಅಷ್ಟು ಉಪಯೋಗವಿಲ್ಲ, ಹಡಗು ಬಂದರಿನಲ್ಲಿರುವಾಗಲೇ ತೆಗೆದುಕೊಳ್ಳಬೇಕಾಗುತ್ತದೆ.