ಘಟ್ಟ ಎಂದರೆ ಬೆಟ್ಟವಲ್ಲ

ಪ್ರಶ್ನೆ: ಹಾಸನದಿಂದ ಮಂಗಳೂರಿಗೆ ಹೋಗುವಾಗ ಬೆಟ್ಟ ಹತ್ತಿದ ಹಾಗೇ ಆಗುವುದಿಲ್ಲ. ಸಕಲೇಶಪುರ ದಾಟಿದರೆ ಬಸ್ಸು ಬರೀ ಇಳಿಯುತ್ತದೆ. ಹಾಗಾದರೆ ಪಶ್ಚಿಮ ಘಟ್ಟದ ಬೆಟ್ಟಸಾಲು ಎಲ್ಲಿದೆ? ‘ಗಟ್ಟಿ’ ಕಲ್ಲಿನಿಂದ ‘ಘಟ್ಟ’ ಬಂತಂತೆ, ನಿಜವೇ?

ಉತ್ತರ: ಗಟ್ಟಿಗೂ ಘಟ್ಟಕ್ಕೂ ಸಂಬಂಧವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಇದನ್ನು ಹಂಚುವವರು ದಯವಿಟ್ಟು ನಿಲ್ಲಿಸಿ. ಸಂಸ್ಕೃತದ ‘ಘಟ್ಟ’ ನೀರಿಗಿಳಿಯುವ ಮೆಟ್ಟಿಲು; ಸ್ನಾನಘಟ್ಟ ಅನ್ನುತ್ತೇವಲ್ಲ, ಅದೇ. ಬೆಟ್ಟದ ಸೀಮೆಯಲ್ಲಿ ಅದು ಹತ್ತಿಳಿಯುವ ದಾರಿಯಾಯಿತು. ‘ಘಟ್ಟ ಇಳಿದು ಹೋದರು’ ಎಂದು ನಾವು ಇವತ್ತಿಗೂ ಹೇಳುವುದು ಹಾಗೇ. ಶಿರಾಡಿ, ಚಾರ್ಮಾಡಿ, ಬಿಸಿಲೆ ಘಟ್ಟಗಳೆಲ್ಲ ದಾರಿಗಳೇ. ಬೆಟ್ಟಸಾಲಿಗೆ ಸಹ್ಯಾದ್ರಿ ಎಂಬ ಹೆಸರು ಮೊದಲೇ ಇತ್ತು. ದಾರಿಯ ಹೆಸರನ್ನು ಇಡೀ ಸಾಲಿಗೆ ಹಚ್ಚಿದವರು ಯುರೋಪಿನವರು. ನಾವು ಅದನ್ನೇ ಪಠ್ಯಪುಸ್ತಕಕ್ಕೆ ತಂದುಕೊಂಡೆವು.

ಬಸ್ಸಿನ ವಿಷಯದಲ್ಲಿ ನೀವು ಕಂಡದ್ದು ಸರಿ. ಹಾಸನವೇ ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಶಿರಾಡಿ ಘಟ್ಟದ ಬುಡದ ಗುಂಡ್ಯ ತಲುಪುವಷ್ಟರಲ್ಲಿ ಅದರ ಬಹುಪಾಲು ಇಳಿದುಬಿಟ್ಟಿರುತ್ತೀರಿ. ಇಲ್ಲಿರುವುದು ಪ್ರಸ್ಥಭೂಮಿಯ ಕಡಿದಾದ ಪಶ್ಚಿಮ ಅಂಚು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡಾಗ ಭೂಮಿ ಸೀಳಿತು. ಆಮೇಲೆ ಮಳೆ, ಹೊಳೆಗಳು ಅಂಚನ್ನು ಕೊರೆಯುತ್ತಾ ಪೂರ್ವಕ್ಕೆ ಸರಿಸಿದವು. ಮೇಲಿನ ನೆಲ ಪೂರ್ವಕ್ಕೆ ವಾಲಿದೆ. ಅದಕ್ಕೇ ಹೇಮಾವತಿ ಅರಬ್ಬೀ ಸಮುದ್ರ ಇಷ್ಟು ಹತ್ತಿರವಿದ್ದರೂ ಅದಕ್ಕೆ ಬೆನ್ನು ತಿರುಗಿಸಿ ಕಾವೇರಿ ಸೇರುತ್ತದೆ. ಶಿರಾಡಿಯ ಕೆಂಪುಹೊಳೆ ಮಾತ್ರ ಪಶ್ಚಿಮಕ್ಕೆ ಧುಮುಕುತ್ತದೆ. ಈ ಅಂಚನ್ನು ಇಳಿಯಲು ಸಕಲೇಶಪುರ–ಸುಬ್ರಹ್ಮಣ್ಯ ರೈಲುಹಾದಿಗೆ 57 ಸುರಂಗ ಬೇಕಾದವು. ಮುಂದಿನ ಸಲ ರೈಲಿನಲ್ಲಿ ಹೋಗಿ, ಆ ಹಾದಿಯ ಎಡೆಕುಮೇರಿ ನಿಲ್ದಾಣದ ಹತ್ತಿರ ಕಿಟಕಿಯಿಂದ ಕೆಳಗೆ ನೋಡಿ, ಅಂಚೆಂದರೆ ಏನೆಂದು ತಿಳಿಯುತ್ತದೆ.

ಪ್ರಶ್ನೆ: ಬಾಬಾಬುಡನ್‌ಗಿರಿ ಆರಿದ ಜ್ವಾಲಾಮುಖಿಯೇ?

ಉತ್ತರ: ಅಲ್ಲ. 250 ಕೋಟಿ ವರ್ಷಕ್ಕೂ ಹಳೆಯ ಲಾವಾ ಶಿಲೆ ಅಲ್ಲಿದೆ, ಜ್ವಾಲಾಮುಖಿಯ ಬಾಯಿ ಇಲ್ಲ. ಕುದುರೆ ಲಾಳದ ಆಕಾರ ನೋಡಿ ಕಥೆ ಕಟ್ಟಬೇಡಿ.

ಪ್ರಶ್ನೆ: ಚಾರ್ಮಾಡಿ ಅಂಚಿನಲ್ಲಿ ಹೋಂಸ್ಟೇಗೆ ಜಾಗ ನೋಡಿದ್ದೇನೆ. ಕೆಳಗೆ ಬಂಡೆ, ಕುಸಿಯುವುದಿಲ್ಲ ಎಂದು ಬ್ರೋಕರ್ ಹೇಳುತ್ತಾರೆ.

ಉತ್ತರ: ಕುಸಿಯುವುದು ಬಂಡೆಯಲ್ಲ, ಅದರ ಮೇಲಿನ ಮಣ್ಣು. ಜೆಸಿಬಿಯಲ್ಲಿ ಬುಡ ಕಡಿದ ಮೇಲೆ ಮಳೆನೀರು ಕುಡಿದ ಮಣ್ಣಿಗೆ ಆ ಬಂಡೆಯೇ ಜಾರುಬಂಡೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ರಸ್ತೆಯೇ ಕುಸಿದು ಸಂಚಾರ ನಿಂತಿತ್ತು. ಅಲ್ಲಿ ನಾನಂತೂ ಒಂದು ಮಳೆಗಾಲದ ರಾತ್ರಿ ಮಲಗಲಾರೆ. ಮುಂಗಡ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.