ಮ್ಯೂನಿಕ್‌ನಲ್ಲಿದ್ದೇವೆ, ಕಾರಿಲ್ಲ. ಶನಿವಾರ-ಭಾನುವಾರಗಳಲ್ಲೇ ರೈಲಿನಲ್ಲಿ ಯೂರೋಪ್ ನೋಡಬಹುದೇ?

ಮದುವೆಯಾಗಿ ಆರು ತಿಂಗಳು, ಎರಡು ವರ್ಷದ ಕೆಲಸಕ್ಕೆಂದು ಹೆಂಡತಿಯ ಜೊತೆ ಮ್ಯೂನಿಕ್‌ಗೆ ಬಂದಿದ್ದೀರಿ. ರಜೆ ಕಡಿಮೆ. ವಾರಾಂತ್ಯಗಳಲ್ಲೇ ಯೂರೋಪನ್ನು ‘ನೋಡಿ ಮುಗಿಸಬಹುದೇ’, ಯೂರೇಲ್ ಪಾಸ್ (ಹಲವು ದೇಶಗಳ ರೈಲುಗಳಿಗೆ ಒಂದೇ ಪಾಸ್) ತೆಗೆದುಕೊಳ್ಳಬೇಕೇ ಎಂದು ಕೇಳಿದ್ದೀರಿ. ನಾನೂ ನನ್ನ ಗಂಡನೂ ನಾಲ್ಕು ವರ್ಷದಿಂದ ಇದೇ ಊರಿನಲ್ಲಿದ್ದೇವೆ. ಕಾರು ಇಲ್ಲ, ಬೇಕು ಅಂತ ಅನ್ನಿಸಿಯೂ ಇಲ್ಲ. ತಿಂಗಳಿಗೆ ಎರಡು ಸಲವಾದರೂ ರೈಲು ಹತ್ತುತ್ತೇವೆ. ಹಾಗಾಗಿ ನೇರವಾಗಿ ಹೇಳುತ್ತೇನೆ: ನೋಡಬಹುದು, ಚೆನ್ನಾಗಿಯೇ ನೋಡಬಹುದು. ‘ಮುಗಿಸುವ’ ಯೋಚನೆ ಮಾತ್ರ ಬಿಡಿ.

ಮೊದಲ ವರ್ಷ ನಮಗೂ ಆ ಯೋಚನೆಯೇ ಇತ್ತು. ಒಂದು ಶನಿವಾರ ಬೆಳಿಗ್ಗೆ ಹೊರಟು ಪ್ಯಾರಿಸ್‌ಗೆ ಹೋದೆವು. ವೇಗದ ರೈಲಾದರೂ ಹೋಗುವುದಕ್ಕೆ ಸುಮಾರು ಆರು ಗಂಟೆ, ಬರುವುದಕ್ಕೆ ಆರು ಗಂಟೆ. ಉಳಿದ ಹೊತ್ತೆಲ್ಲ ಸಾಲಿನಲ್ಲಿ ನಿಲ್ಲುವುದು, ಮೆಟ್ರೋ ಬದಲಿಸುವುದು, ಮುಂದಿನದ್ದಕ್ಕೆ ತಡವಾಯಿತು ಎಂದು ಓಡುವುದು. ಭಾನುವಾರ ರಾತ್ರಿ ಮನೆಗೆ ಬಂದಾಗ ಒಬ್ಬರ ಮುಖ ಒಬ್ಬರು ನೋಡುವ ಸ್ಥಿತಿಯಲ್ಲಿರಲಿಲ್ಲ. ಪ್ಯಾರಿಸ್ ಮೇಲೆ ನನಗೆ ಕೋಪವಿಲ್ಲ. ಅದಕ್ಕೆ ನಾಲ್ಕು ದಿನ ರಜೆ ಹಾಕಿ ಹೋಗಬೇಕು. ಅಂದಿನಿಂದ ನಾವು ಪಾಲಿಸಿಕೊಂಡು ಬಂದ ಲೆಕ್ಕ ಇದು: ಹೋಗಿ ಅದೇ ದಿನ ಬರುವುದಾದರೆ ಎರಡು, ಎರಡೂವರೆ ಗಂಟೆಯೊಳಗಿನ ಊರು. ಒಂದು ರಾತ್ರಿ ಉಳಿಯುವುದಾದರೆ ಐದಾರು ಗಂಟೆ ಆಗಬಹುದು, ಆದರೆ ಆ ದಾರಿಯೇ ನೋಡುವ ಹಾಗಿರಬೇಕು.

ಟಿಕೆಟ್ ವಿಷಯ ಮೊದಲು ಮುಗಿಸೋಣ. ಯೂರೇಲ್ ಪಾಸ್ ಯೂರೋಪಿನ ಹೊರಗೆ ವಾಸಿಸುವವರಿಗೆ. ನೀವೀಗ ಇಲ್ಲಿಯ ನಿವಾಸಿಗಳು, ಭಾರತದ ಪಾಸ್‌ಪೋರ್ಟ್ ಇದ್ದರೂ ನಿಮಗೆ ಸಲ್ಲುವುದು ಇಲ್ಲಿಯ ನಿವಾಸಿಗಳಿಗೆಂದೇ ಇರುವ ಅಂಥದ್ದೇ ಪಾಸ್, ಇಂಟರ್‌ರೇಲ್. ಅದರಲ್ಲೂ ವಾಸವಿರುವ ದೇಶದೊಳಗೆ ಹೊರಡಲು ಒಂದು, ಮರಳಲು ಒಂದು ಪ್ರಯಾಣ ಮಾತ್ರ. ವಾರಾಂತ್ಯದ ಸುತ್ತಾಟಕ್ಕೆ ಅದು ಹೊಂದುವುದಿಲ್ಲ. ನಿಮಗೆ ಬೇಕಿರುವುದು ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಜರ್ಮನಿಯಿಡೀ ಪ್ರಾದೇಶಿಕ ರೈಲು, ಎಸ್-ಬಾನ್ ಎಂಬ ಉಪನಗರ ರೈಲು, ಮೆಟ್ರೋ, ಟ್ರಾಮ್, ಸಿಟಿ ಬಸ್ ಎಲ್ಲದರಲ್ಲೂ ನಡೆಯುತ್ತದೆ; ಐಸಿಇ, ಐಸಿ, ಇಸಿ ಎಂದು ಬರೆದ ದೂರದ ರೈಲುಗಳಲ್ಲಿ ನಡೆಯುವುದಿಲ್ಲ. ಗಡಿ ದಾಟಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ವರೆಗೂ ಇದೇ ಟಿಕೆಟ್ ಸಾಕು. ತಿಂಗಳ ಚಂದಾ ಇದು, ನಿಲ್ಲಿಸಬೇಕೆಂದರೆ ಆ ತಿಂಗಳ 10ನೇ ತಾರೀಖಿನೊಳಗೆ ತಿಳಿಸಬೇಕು. ನಿಮ್ಮ ಕಂಪನಿ ಜಾಬ್ ಟಿಕೆಟ್ ಎಂದು ರಿಯಾಯಿತಿಯಲ್ಲಿ ಕೊಡುತ್ತದೆಯೇ ಕೇಳಿ, ಬಹಳ ಕಡೆ ಕೊಡುತ್ತಾರೆ. ನಿಮ್ಮ ಮನೆಯವರು ತಿಂಗಳಿಗೆ ಒಂದೆರಡು ಸಲ ಮಾತ್ರ ಓಡಾಡುವುದಾದರೆ ಅವರಿಗೆ ಬಯರ್ನ್ ಟಿಕೆಟ್ ಸಾಕಾಗಬಹುದು. ಅದು ನಮ್ಮ ಬವೇರಿಯಾ (ಜರ್ಮನ್‌ನಲ್ಲಿ ಬಯರ್ನ್) ರಾಜ್ಯದ ಒಂದು ದಿನದ ಟಿಕೆಟ್. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ, ಶನಿವಾರ-ಭಾನುವಾರ ಮಧ್ಯರಾತ್ರಿಯಿಂದಲೇ, ಮರುದಿನ ಬೆಳಗಿನ 3ರವರೆಗೆ ನಡೆಯುತ್ತದೆ. ಟಿಕೆಟ್ ಮೇಲೆ ಹೆಸರು ಬರೆಯುವುದನ್ನು ಮರೆಯಬೇಡಿ.

ನಮ್ಮ ಊರಿನ ಹಾಗೆ ಎರಡು ತಿಂಗಳ ಮುಂಚೆ ಬುಕ್ ಮಾಡಿ, ವೇಟಿಂಗ್ ಲಿಸ್ಟ್ ನೋಡುತ್ತಾ ಕೂರುವ ಕೆಲಸ ಈ ಪ್ರಾದೇಶಿಕ ರೈಲುಗಳಲ್ಲಿ ಇಲ್ಲ. ಬೆಳಿಗ್ಗೆ ಎದ್ದು ಕಿಟಕಿಯಾಚೆ ಬಿಸಿಲು ನೋಡಿ ಊರು ನಿರ್ಧರಿಸಬಹುದು. ಈ ಸ್ವಾತಂತ್ರ್ಯದ ಬೆಲೆ ನನಗೆ ಗೊತ್ತಾಗಿದ್ದು ಬಂದು ಒಂದು ವರ್ಷವಾದ ಮೇಲೆ.

ಈಗ ಊರುಗಳು. ಸಾಲ್ಜ್‌ಬರ್ಗ್, ಫ್ಯೂಸನ್ ಹತ್ತಿರದ ನೊಯ್‌ಶ್ವಾನ್‌ಸ್ಟೈನ್ ಅರಮನೆ, ನ್ಯೂರೆಂಬರ್ಗ್ ಇವನ್ನು ಎಲ್ಲರೂ ಹೇಳುತ್ತಾರೆ, ನೀವು ಹೇಗೂ ಹೋಗುತ್ತೀರಿ. ರೇಗನ್ಸ್‌ಬರ್ಗ್‌ನಲ್ಲಿ 12ನೇ ಶತಮಾನದ ಕಲ್ಲಿನ ಸೇತುವೆ ಇದೆ, ಅದರ ಮೇಲೆ ಸಂಜೆ ನಿಲ್ಲಿ. ನಾನು ಮನಸ್ಸಿಟ್ಟು ಹೇಳಬೇಕೆಂದಿರುವುದು ಪಾಸಾವ್ ಬಗ್ಗೆ.

ಮ್ಯೂನಿಕ್‌ನಿಂದ ಲಾಂಡ್ಸ್‌ಹೂಟ್, ಪ್ಲಾಟ್‌ಲಿಂಗ್ ಮೇಲೆ ಹಾದು ಸುಮಾರು ಎರಡೂಕಾಲು ಗಂಟೆ. ಆಸ್ಟ್ರಿಯಾ ಗಡಿಯ ಪುಟ್ಟ ಊರು. ಅಲ್ಲಿ ಮೂರು ನದಿ ಕೂಡುತ್ತವೆ: ಡ್ಯಾನ್ಯೂಬ್, ಇನ್, ಇಲ್ಟ್ಸ್. ಸ್ಟೇಷನ್ನಿನಿಂದ ಹಳೆಯ ಊರಿನ ಓಣಿಗಳಲ್ಲಿ ಅರ್ಧ ಗಂಟೆ ನಡೆದರೆ ನೆಲ ಚೂಪಾಗುತ್ತಾ ಹೋಗಿ ನೀರಿನಲ್ಲಿ ಮುಗಿಯುತ್ತದೆ. ಆ ತುದಿಯಲ್ಲಿ ನಿಂತರೆ ಎಡಕ್ಕೆ ಡ್ಯಾನ್ಯೂಬ್, ಬಲಕ್ಕೆ ಇನ್. ಇನ್ ಆಲ್ಪ್ಸ್‌ನಿಂದ ಹಿಮ ಕರಗಿ ಬರುವ ನೀರು, ಕಲ್ಲುಪುಡಿ ಬೆರೆತು ಹಾಲು ಹಾಕಿದ ಹಸಿರು ಬಣ್ಣ. ಇಲ್ಟ್ಸ್ ಕಾಡಿನ ಜೌಗು ಮಣ್ಣಿನ ನೀರು, ಡಿಕಾಕ್ಷನ್ ಹಾಗೆ ಕಪ್ಪು. ಓಬರ್‌ಹೌಸ್ ಕೋಟೆಯ ಗುಡ್ಡ ಹತ್ತಿ ಮೇಲಿನಿಂದ ನೋಡಿದರೆ ಮೂರು ಬಣ್ಣವೂ ಸ್ವಲ್ಪ ದೂರ ಅಕ್ಕಪಕ್ಕದಲ್ಲೇ ಹರಿದು, ಆಮೇಲೆ ಒಂದಾಗುವುದು ಕಾಣುತ್ತದೆ.

ನಾನು ಶಿವಮೊಗ್ಗದವಳು. ತುಂಗಾ, ಭದ್ರಾ ಕೂಡುವ ಕೂಡಲಿಗೆ ಅಜ್ಜಿಯ ಜೊತೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಪಾಸಾವ್‌ನ ಆ ತುದಿಯಲ್ಲಿ ನಿಂತಾಗ ನಮ್ಮವರು ಫೋನಿನಲ್ಲಿ ಓದಿ ಹೇಳಿದರು: ಇಲ್ಲಿ ಸರಾಸರಿ ನೋಡಿದರೆ ಇನ್ ತರುವ ನೀರು ಡ್ಯಾನ್ಯೂಬ್‌ಗಿಂತ ಹೆಚ್ಚು, ಆದರೂ ಮುಂದಕ್ಕೆ ಹೆಸರು ಉಳಿಯುವುದು ಡ್ಯಾನ್ಯೂಬ್‌ನದು ಮಾತ್ರ. ನಮ್ಮ ಕಡೆ ಎರಡೂ ಹೆಸರನ್ನು ಸೇರಿಸಿ ತುಂಗಭದ್ರಾ ಅಂದರಲ್ಲ, ಅದು ಎಷ್ಟು ದೊಡ್ಡ ವಿಷಯ ಅಂತ ನನಗೆ ಹೊಳೆದದ್ದು ಅಲ್ಲಿ. ಅಜ್ಜಿಗೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ ಮೂರು ನೀರನ್ನೂ ತೋರಿಸಿದೆ. ‘ಕೈ ಮುಗಿದೆಯಾ?’ ಎಂದು ಕೇಳಿದರು. ಮುಗಿದೆ.

ವಾಪಸ್ ಬರುವಾಗ ಡ್ಯಾನ್ಯೂಬ್ ದಂಡೆಯ ಹಳೆಯ ಪುರಭವನದ ಗೋಡೆ ನೋಡಿ. ಶತಮಾನಗಳ ಪ್ರವಾಹ ಎಲ್ಲಿಯವರೆಗೆ ಏರಿತ್ತು ಎಂದು ಗೆರೆ ಎಳೆದು ಇಸವಿ ಬರೆದಿದ್ದಾರೆ. 1501ರದ್ದು ಇದೆ, 1954ರದ್ದು ಇದೆ, 2013ರ ಜೂನ್ ತಿಂಗಳದ್ದೂ ಇದೆ. 2013ರ ಗೆರೆಗೆ ಇವರು ಕೈ ಎತ್ತಿದರೂ ಎಟುಕಲಿಲ್ಲ. ಪಕ್ಕದಲ್ಲೇ ಜನ ಐಸ್‌ಕ್ರೀಮ್ ತಿನ್ನುತ್ತಾ ಕೂತಿದ್ದರು, ನದಿ ಕೆಳಗೆ ಸುಮ್ಮನೆ ಹರಿಯುತ್ತಿತ್ತು.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ, ನೀವೂ ಅದೇ ಮಾಡುವ ಸಾಧ್ಯತೆ ಇದೆ. ಮ್ಯೂನಿಕ್‌ನಿಂದ ಟೇಗರ್ನ್‌ಸೇ ಸರೋವರಕ್ಕೆ ಹೊರಟಿದ್ದೆವು. ಆ ದಾರಿಯ ರೈಲು ಹೊರಡುವಾಗ ಒಂದೇ, ಮಧ್ಯದಲ್ಲಿ ತುಂಡಾಗುತ್ತದೆ. ಹೋಲ್ಟ್ಸ್‌ಕಿರ್ಶೆನ್‌ನಲ್ಲಿ ಒಂದು ಭಾಗ ಬೇರೆಯಾಗುತ್ತದೆ, ಶಾಫ್ಟ್‌ಲಾಖ್‌ನಲ್ಲಿ ಉಳಿದದ್ದು ಮತ್ತೆ ಎರಡಾಗಿ ಒಂದು ಟೇಗರ್ನ್‌ಸೇಗೆ, ಇನ್ನೊಂದು ಲೆಂಗ್‌ಗ್ರೀಸ್‌ಗೆ. ಅನೌನ್ಸ್‌ಮೆಂಟ್ ಜರ್ಮನ್‌ನಲ್ಲಿ ಆಯಿತು, ನಾವು ಪುಳಿಯೋಗರೆ ಡಬ್ಬಿ ಬಿಚ್ಚಿಕೊಂಡು ಮಾತಿನಲ್ಲಿದ್ದೆವು. ಎದುರಿನ ಅಜ್ಜಿ ‘ಟೇಗರ್ನ್‌ಸೇ?’ ಎಂದು ಕೇಳಿ ತಲೆ ಅಲ್ಲಾಡಿಸಿದಾಗ ರೈಲು ಹೊರಟಾಗಿತ್ತು. ನಾವು ಕೂತಿದ್ದದ್ದು ಲೆಂಗ್‌ಗ್ರೀಸ್ ಭಾಗದಲ್ಲಿ; ಆ ದಾರಿಯ ಬಾಡ್ ಟೋಲ್ಟ್ಸ್ ಎಂಬಲ್ಲಿ ಇಳಿದೆವು. ಕೆಳಗೆ ಈಸಾರ್ ನದಿ, ಅಲ್ಲಿಂದ ಮೇಲಕ್ಕೆ ಏರುವ ಬೀದಿ, ಎರಡೂ ಬದಿಯ ಮನೆಗಳ ಗೋಡೆ ತುಂಬ ಚಿತ್ರ. ಇಡೀ ಮಧ್ಯಾಹ್ನ ಅಲ್ಲೇ ಕಳೆಯಿತು. ಟೇಗರ್ನ್‌ಸೇ ಮುಂದಿನ ವಾರಕ್ಕೆ ಹೋಯಿತು. ಆದರೆ ಎಲ್ಲಾ ಸಲ ಇಷ್ಟು ಸುಲಭವಾಗಿ ಸರಿಹೋಗುವುದಿಲ್ಲ. ಹತ್ತುವ ಮುಂಚೆ ನಿಮ್ಮ ಬೋಗಿಯ ಬಾಗಿಲ ಪಕ್ಕದ ಫಲಕದಲ್ಲಿ ಯಾವ ಊರಿನ ಹೆಸರಿದೆ ನೋಡಿ. ಪ್ಲಾಟ್‌ಫಾರ್ಮ್‌ನ ಬೋರ್ಡ್ ನೋಡಿದರೆ ಸಾಲದು.

ಮ್ಯೂನಿಕ್ ಮುಖ್ಯ ನಿಲ್ದಾಣದ ಬಗ್ಗೆಯೂ ಒಂದು ಮಾತು. 5ರಿಂದ 10ರವರೆಗಿನ ಪ್ಲಾಟ್‌ಫಾರ್ಮ್‌ಗಳು ಒಂದು ಪಕ್ಕದ ರೆಕ್ಕೆಯಲ್ಲಿ, 27ರಿಂದ 36ರವರೆಗಿನವು ಇನ್ನೊಂದು ಪಕ್ಕದಲ್ಲಿವೆ. ದೊಡ್ಡ ಹಾಲ್‌ನಿಂದ ಸಾಕಷ್ಟು ದೂರ. ನೀವು ಹೋಗುವ ಬೆಟ್ಟದ ಊರುಗಳ ರೈಲುಗಳು ಹೆಚ್ಚಾಗಿ ಹೊರಡುವುದು ಈ ರೆಕ್ಕೆಗಳಿಂದಲೇ. ಹತ್ತು ನಿಮಿಷ ಕೈಯಲ್ಲಿಟ್ಟುಕೊಳ್ಳಿ.

ದಾರಿಯೇ ನೋಡುವ ಹಾಗಿರಬೇಕು ಎಂದೆನಲ್ಲ, ಅಂಥದ್ದರಲ್ಲಿ ಮೊದಲನೆಯದು ಗಾರ್ಮಿಶ್, ಮಿಟ್ಟನ್‌ವಾಲ್ಡ್ ಮೂಲಕ ಇನ್ಸ್‌ಬ್ರುಕ್‌ಗೆ ಇಳಿಯುವ ಹಳಿ. 1912ರಲ್ಲಿ ಶುರುವಾದ ಮಾರ್ಗ, ಅಂದಿನಿಂದಲೇ ವಿದ್ಯುತ್ ರೈಲು. ಜೇಫೆಲ್ಡ್ ದಾಟಿದ ಮೇಲೆ ಇನ್ಸ್‌ಬ್ರುಕ್ ಮುಟ್ಟುವಷ್ಟರಲ್ಲಿ ಸುಮಾರು 600 ಮೀಟರ್ ಇಳಿಯುತ್ತದೆ. ಸುರಂಗ, ಬೆಳಕು, ಮತ್ತೆ ಸುರಂಗ. ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ, ಇನ್ ಕಣಿವೆ ಪೂರ್ತಿ ಕಾಲಡಿಗೆ ಬಿದ್ದಿರುತ್ತದೆ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ ಹೋದವರಿಗೆ ಎದೆಯೊಳಗೆ ಅದೇ ಖುಷಿ ಏಳುತ್ತದೆ. ಪಾಸಾವ್‌ನಲ್ಲಿ ನೋಡಿದ ಆ ಹಸಿರು ನದಿ ಇದೇ. ಗಡಿಯಾಚೆಯ ದಾರಿಗೆ ಬೇರೆ ಟಿಕೆಟ್ ಬೇಕು, ಮೊದಲೇ ತೆಗೆದಿಟ್ಟುಕೊಳ್ಳಿ.

ಮಧ್ಯೆ ಮಿಟ್ಟನ್‌ವಾಲ್ಡ್‌ನಲ್ಲಿ ಒಂದೆರಡು ಗಂಟೆ ಇಳಿಯಿರಿ. ಪಿಟೀಲು ಮಾಡುವವರ ಊರು ಅದು. ಮತ್ತಿಯಾಸ್ ಕ್ಲೋಟ್ಸ್ (1653–1743) ಎಂಬಾತ ಈ ಕಸುಬನ್ನು ಅಲ್ಲಿ ನೆಲೆಯೂರಿಸಿದ, ಚರ್ಚಿನ ಮುಂದೆ ಅವನ ಪ್ರತಿಮೆ ಇದೆ. 1858ರಿಂದ ಪಿಟೀಲು ತಯಾರಿಕೆ ಕಲಿಸುವ ಶಾಲೆಯೂ ನಡೆಯುತ್ತಿದೆ. ಚಿಕ್ಕಂದಿನಲ್ಲಿ ಐದು ವರ್ಷ ಪಿಟೀಲು ಕಲಿತು ಬಿಟ್ಟವಳು ನಾನು. ಒಂದು ಕಾರ್ಯಾಗಾರದ ಕಿಟಕಿಯಲ್ಲಿ ವಾರ್ನಿಷ್ ಹಾಕದ ಬಿಳಿ ಪಿಟೀಲುಗಳು ತೂಗುತ್ತಿದ್ದವು. ಕೆಳಗೆ ಮೇಜಿನ ಮೇಲೆ ತುರಿದ ಕೊಬ್ಬರಿಯ ಹಾಗೆ ಮರದ ಸುರುಳಿ ಚೂರುಗಳು. ಮೇಲ್ಪದರಕ್ಕೆ ಸ್ಪ್ರೂಸ್, ಹಿಂಬದಿಗೆ ಮೇಪಲ್ ಮರ ಎಂದು ಮ್ಯೂಸಿಯಂನಲ್ಲಿ ಓದಿದೆ. ಐದು ವರ್ಷ ಭುಜದ ಮೇಲಿಟ್ಟುಕೊಂಡಿದ್ದರೂ ಅದು ಎರಡು ಮರ ಎಂದು ನನಗೆ ಗೊತ್ತಿರಲಿಲ್ಲ. ಈಗ ವಾರಕ್ಕೊಮ್ಮೆ ಆನ್‌ಲೈನಿನಲ್ಲಿ ಮತ್ತೆ ಪಾಠ ಹೇಳಿಸಿಕೊಳ್ಳುತ್ತಿದ್ದೇನೆ.

ಒಂದು ರಾತ್ರಿ ಉಳಿಯುವ ಪ್ರವಾಸಕ್ಕೆ ವೆರೋನಾ. ಇಸಿ ರೈಲು ಬದಲಿಸದೆ ಐದೂವರೆ ಗಂಟೆಯ ಆಸುಪಾಸಿನಲ್ಲಿ ಮುಟ್ಟಿಸುತ್ತದೆ. 1,370 ಮೀಟರ್ ಎತ್ತರದ ಬ್ರೆನ್ನರ್ ಕಣಿವೆದಾರಿ ದಾಟಿದರೆ ಇಟಲಿ, ಆದರೆ ಸ್ಟೇಷನ್ ಬೋರ್ಡುಗಳಲ್ಲಿ ಎರಡೆರಡು ಹೆಸರು: ಬೋಲ್ಟ್ಸಾನೋ ಅಂದರೂ ಬೋಟ್ಸನ್ ಅಂದರೂ ಒಂದೇ ಊರು. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿಗೆ ಸೇರಿದ ಸೀಮೆ, ಇಂದಿಗೂ ಅಲ್ಲಿ ಜರ್ಮನ್ ಮಾತಾಡುತ್ತಾರೆ. ಆಮೇಲೆ ಸೇಬಿನ ತೋಟ, ದ್ರಾಕ್ಷಿ ಚಪ್ಪರ, ಬಿಸಿಲು. ವೆರೋನಾದಲ್ಲಿ ರೋಮನ್ನರ ಕಾಲದ ಬಯಲು ರಂಗಮಂದಿರದ ಕಲ್ಲು ಮೆಟ್ಟಿಲ ಮೇಲೆ ಸಂಜೆ ಕೂತರೆ ಬೇರೆ ಏನೂ ನೋಡುವುದು ಬೇಡ. ಈ ಟಿಕೆಟ್ಟನ್ನು ಮಾತ್ರ ಬೇಗ ತೆಗೆಯಿರಿ, ತಡವಾದಷ್ಟೂ ದುಬಾರಿ. ಅಗ್ಗದ ಟಿಕೆಟ್ ಆ ಒಂದು ರೈಲಿಗೇ ಕಟ್ಟುಬಿದ್ದಿರುತ್ತದೆ. ರೈಲು ಒಂದು ಗಂಟೆ ತಡವಾಗಿ ಮುಟ್ಟಿದರೆ ದರದ ಕಾಲುಭಾಗ, ಎರಡು ಗಂಟೆಯಾದರೆ ಅರ್ಧ ವಾಪಸ್ ಕೇಳಬಹುದು, ಅದು ಯೂರೋಪ್ ಒಕ್ಕೂಟದ ನಿಯಮ.

ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಎರಡೂ ಜೊತೆಗಿರಲಿ, ಬರೀ ಫೋಟೋ ಸಾಲದು. ಸಾಲ್ಜ್‌ಬರ್ಗ್‌ನಿಂದ ಮರಳುವಾಗ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ಕೇಳುತ್ತಾರೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ದೊಡ್ಡ ಸ್ಟೇಷನ್ ಒಳಗಿನವು ಮಾತ್ರ ತೆರೆದಿರುತ್ತವೆ. ನೀವು ಸಸ್ಯಾಹಾರಿಗಳಾದರೆ ಚಪಾತಿ-ಪಲ್ಯವೋ ಪುಳಿಯೋಗರೆಯೋ ಕಟ್ಟಿಕೊಳ್ಳಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು, ಜೂನ್‌ನಲ್ಲಿ ಒಂಬತ್ತರವರೆಗೂ ಬೆಳಕು. ದೂರದ ಊರುಗಳನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಹಳಿ ರಿಪೇರಿ ಹೆಚ್ಚಾಗಿ ವಾರಾಂತ್ಯದಲ್ಲೇ ನಡೆಯುತ್ತದೆ, ರೈಲಿನ ಬದಲು ಬಸ್ ಬಿಟ್ಟಿರುತ್ತಾರೆ. ಹಿಂದಿನ ರಾತ್ರಿಯೇ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ಇನ್ನೊಂದು, ನೀವು ಕೇಳದೇ ಇರುವುದು. ನಿಮಗೆ ಆಫೀಸಿದೆ, ಸಹೋದ್ಯೋಗಿಗಳಿದ್ದಾರೆ. ವಾರವಿಡೀ ಆ ಮನೆಯ ನಾಲ್ಕು ಗೋಡೆಯ ನಡುವೆ ಇರುವವರು ನಿಮ್ಮ ಹೆಂಡತಿ. ನಾನೂ ಮೊದಲ ವರ್ಷ ಹಾಗೇ ಇದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಊರನ್ನು ಅವರು ಆರಿಸಲಿ. ರೈಲಿನಲ್ಲಿ ಲ್ಯಾಪ್‌ಟಾಪ್ ತೆಗೆಯಬೇಡಿ. ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿದ್ದು ಮನೆಯ ಸೋಫಾದ ಮೇಲಲ್ಲ, ಪಾಸಾವ್‌ನಿಂದ ಮರಳುವ ಖಾಲಿ ಬೋಗಿಯಲ್ಲಿ, ಹೊರಗೆ ಹೊಲಗಳ ಮೇಲೆ ಕತ್ತಲಾಗುತ್ತಿರುವಾಗ.

ಈ ಶನಿವಾರ ಬಿಸಿಲಿದ್ದರೆ ಅಲ್ಲಿಗೇ ಹೋಗಿ. ಎಂಟು ಗಂಟೆಯ ಸುಮಾರಿಗೆ ಹೊರಟರೆ ಹತ್ತೂವರೆಯೊಳಗೆ ಪಾಸಾವ್. ಮೊದಲು ಕೋಟೆ ಹತ್ತಿ, ತುದಿಗೆ ಸಂಜೆ ಹೋಗಿ. ಮರಳುವ ಕೊನೆಯ ರೈಲು ಎಷ್ಟಕ್ಕೆ ಎಂಬುದನ್ನು ಇಳಿದ ಕೂಡಲೇ ನೋಡಿಟ್ಟುಕೊಳ್ಳಿ.